ಕತ್ತರಿಸಿದ ಮೂಲೆ

ಮಾರ್ಚ್ 4, ಸೋಮವಾರ

ಈ ಪುಸ್ತಕ ತೆರೆದು ಎರಡು ವರ್ಷವಾಗಿತ್ತು. ಬೈಗುಳ ಬರೆಯಲು ಬೇರೆ ಜಾಗ ಇಲ್ಲದ್ದರಿಂದ ಇವತ್ತು ಬೀರುವಿನ ತಳದಿಂದ ಹುಡುಕಿ ತೆಗೆದೆ.

ಹತ್ತೊಂಬತ್ತು ವರ್ಷ ಆ ವೈರಸ್ ಲ್ಯಾಬಿನಲ್ಲಿ ಟೆಕ್ನೀಷಿಯನ್ ಆಗಿ ಕೈ ಸವೆಸಿದ್ದೇನೆ. ಒಂದೇ ಒಂದು ಮಾದರಿ ನನ್ನ ಕೈಯಲ್ಲಿ ಕೆಟ್ಟಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಲಾಗ್ ಪುಸ್ತಕ ತೆಗೆದು ಯಾರು ಬೇಕಾದರೂ ನೋಡಲಿ. ಇವತ್ತು ಆ ಇಸ್ತ್ರಿ ಎಲ್ಲರ ಎದುರಿಗೆ, "ಮೇಡಂ, ನಿಮ್ಮ ಮಾದರಿ ಕೊಳೆಯಾಗಿದೆ" ಅಂದ. ಇಸ್ತ್ರಿ ಅಂದರೆ ನಮ್ಮ ಲ್ಯಾಬಿನ ಮುಖ್ಯಸ್ಥ. ಅಂಗಿಯ ಮೇಲೆ ಒಂದು ಸುಕ್ಕಿರುವುದಿಲ್ಲ, ಮಾತಿನಲ್ಲೂ ಇರುವುದಿಲ್ಲ. ನಯವಾಗಿಯೇ ಚರ್ಮ ಸುಲಿಯುತ್ತಾನೆ.

ನಡೆದದ್ದು ಇಷ್ಟು. ಮೈತುಂಬ ಗುಳ್ಳೆ ಏಳಿಸುವ ಜ್ವರದ ವೈರಸ್ಸನ್ನು ಮನುಷ್ಯರ ಜೀವಕೋಶಗಳಲ್ಲಿ ಬೆಳೆಸಿ, ಕೋಶದ ಕಸವನ್ನೆಲ್ಲ ತೊಳೆದು, ಬರೀ ವೈರಸ್ಸನ್ನು ಉಳಿಸಿಕೊಡುವುದು ನನ್ನ ಕೆಲಸ. ತೊಳೆದದ್ದು ಸರಿಯಾಗಿದೆಯೋ ಇಲ್ಲವೋ ಎಂದು ಕೊನೆಗೊಂದು ಪರೀಕ್ಷೆ. ಜೆಲ್ ಎಂಬ ಲೋಳೆ ಹಾಳೆಯ ಮೇಲಂಚಿನ ಗುಳಿಗಳಲ್ಲಿ ಎಡಕ್ಕೆ ನನ್ನ ವೈರಸ್, ಬಲಕ್ಕೆ ಹೋಲಿಸಿ ನೋಡಲು ಮನುಷ್ಯ ಕೋಶದ ರಸ, ನಡುವೆ ಅಳತೆಯ ಸಾಲು. ಕರೆಂಟು ಹರಿಸಿದರೆ ಪ್ರೋಟೀನ್‌ಗಳು ಕೆಳಗಿಳಿಯುತ್ತವೆ. ದೊಡ್ಡದು ಮೇಲೆಯೇ ನಿಲ್ಲುತ್ತದೆ, ಚಿಕ್ಕದು ತಳದವರೆಗೆ ಓಡುತ್ತದೆ. ಆಮೇಲೆ ಅದನ್ನು ತೆಳ್ಳಗಿನ ಬಿಳಿ ಪೊರೆಯ ಮೇಲೆ ಅಚ್ಚು ತೆಗೆಯುತ್ತೇವೆ. ಪೊರೆಗೆ ಎಡ ಬಲ ಗೊತ್ತಾಗುವುದಿಲ್ಲವಲ್ಲ, ಅದಕ್ಕೇ ಮೇಲಿನ ಎಡ ಮೂಲೆಯನ್ನು ಕತ್ತರಿಯಿಂದ ಚೂರೇ ಚೂರು ಕತ್ತರಿಸಿ ಗುರುತು ಮಾಡಿಕೊಂಡು ಚಿತ್ರ ತೆಗೆಯುತ್ತೇವೆ.

ಹುಡುಕುತ್ತಿದ್ದದ್ದು ನಾವು 'ಚೀಟಿ' ಎಂದು ಕರೆಯುವ ಪ್ರೋಟೀನನ್ನು. ನಮ್ಮ ರಕ್ತದಲ್ಲಿ ಸದಾ ಗಸ್ತು ತಿರುಗುವ ಪ್ರೋಟೀನ್‌ಗಳಿವೆ, ಹೊರಗಿನವರು ಕಂಡರೆ ತೂತು ಕೊರೆದು ಕೊಲ್ಲುತ್ತವೆ. ಅವು ನಮ್ಮ ಕೋಶಗಳ ಮೇಲೇ ಬೀಳದಿರಲಿ ಎಂದು ಪ್ರತಿಯೊಂದು ಕೋಶವೂ ಮೈಮೇಲೆ ಒಂದು ಚೀಟಿ ಅಂಟಿಸಿಕೊಂಡಿರುತ್ತದೆ. ಇದು ನಿಮ್ಮದೇ ಮನೆ, ಮುಂದೆ ಹೋಗಿ ಅಂತ. ತೊಳೆದ ವೈರಸ್ಸಿನಲ್ಲಿ ಆ ಚೀಟಿ ಇರಬಾರದು.

ಇತ್ತು. ವೈರಸ್ಸಿನ ಸಾಲಿನಲ್ಲಿ ಗೆರೆ ದಪ್ಪಗೆ ಕೂತಿತ್ತು. ಅದೂ ಮನುಷ್ಯರ ಚೀಟಿ ಎಲ್ಲಿ ನಿಲ್ಲಬೇಕೋ ಸರಿಯಾಗಿ ಅದೇ ಅಳತೆಯಲ್ಲಿ. ಮನುಷ್ಯರ ರಸದ ಸಾಲಿನಲ್ಲೇ ಗೆರೆ ತೀರ ಕೆಳಗಿತ್ತು. ಆ ರಸ ಫ್ರೀಜರಿನಲ್ಲಿ ಕೂತು ಕೂತು ತುಂಡಾಗಿದೆ ಅಂತ ನಾನೇ ಹೇಳಿದೆ, ಎಲ್ಲರೂ ತಲೆಯಾಡಿಸಿದರು.

ನಾನು ತೊಳೆದದ್ದು ಕೊಳೆಯಾಗಿರಲು ಸಾಧ್ಯವೇ ಇಲ್ಲ. ಹಾಗಾದರೆ ಆ ಚೀಟಿಯನ್ನು ವೈರಸ್ಸೇ ತಯಾರಿಸುತ್ತಿದೆ. ಹಾಗೆ ನಕಲು ಮಾಡಿ ಕಣ್ಣಿಗೆ ಮಣ್ಣೆರಚುವ ವೈರಸ್‌ಗಳು ಬೇರೆ ಇವೆ. ಅದನ್ನು ಹೇಳಿದ್ದಕ್ಕೆ ಇಸ್ತ್ರಿ ನಕ್ಕ.

ಮಾರ್ಚ್ 5, ಮಂಗಳವಾರ

ಕಾಗದ ಬಂತು. ಲಕೋಟೆಯಲ್ಲಿ, ಟೈಪ್ ಮಾಡಿಸಿ.

"ವೈರಸ್ ಮಾದರಿಯಲ್ಲಿ ಕಂಡುಬಂದದ್ದು ಮನುಷ್ಯ ಪ್ರೋಟೀನ್. ಇದು ನನ್ನ ನಿರ್ವಹಣೆಯಲ್ಲಾದ ಕಲಬೆರಕೆ ಎಂದು ಒಪ್ಪಿಕೊಂಡಿದ್ದೇನೆ." ಕೆಳಗೆ ನನ್ನ ಸಹಿಗೆ ಚುಕ್ಕೆ ಚುಕ್ಕೆ ಗೆರೆ. ಸಹಿ ಹಾಕಿದರೆ ಈ ಕಡತ ಮುಚ್ಚಿ ನನ್ನನ್ನು ಗಾಜು ತೊಳೆಯುವ ಕೋಣೆಗೆ ಹಾಕುತ್ತಾರೆ. ಹಾಕದಿದ್ದರೆ ತಿಂಗಳ ಕೊನೆಗೆ ಗುತ್ತಿಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ.

"ಯೋಚನೆ ಮಾಡಿ ಮೇಡಂ. ತಪ್ಪು ಯಾರಿಂದ ಆಗಲ್ಲ ಹೇಳಿ?" ಅಂದ.

"ನನ್ನಿಂದ ಆಗಲ್ಲ ಸರ್" ಅಂದೆ.

ಪಿತ್ತ ನೆತ್ತಿಗೇರಿ ಎರಡು ಸ್ಟಾಪ್ ಮೊದಲೇ ಬಸ್ಸಿಳಿದು ನಡೆದುಕೊಂಡು ಬಂದೆ. ಮನೆಯಲ್ಲಿ ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ನಮ್ಮ ಯಜಮಾನರು ಲಾರಿ ಹತ್ತಿದರೆ ಹದಿನೈದು ದಿನ ಮನೆ ಕಡೆ ಮುಖ ಹಾಕುವುದಿಲ್ಲವಾದ್ದರಿಂದ ನಾನೂ ಅತ್ತೆಯೂ ಒಬ್ಬರ ತಲೆ ಒಬ್ಬರು ತಿನ್ನುವುದು ಅಭ್ಯಾಸವಾಗಿದೆ. ಕಾಗದ ಓದಿ ಹೇಳಿದೆ.

"ಒಂದು ಸಹಿ ತಾನೇ? ಗೀಚಿ ಬಿಸಾಕು. ಗಾಜು ತೊಳೆದರೆ ಏನು, ಸಂಬಳ ಬರಲ್ವಾ?"

"ನಿಮ್ಮ ಹೊಲಿಗೆ ಬಗ್ಗೆ ಯಾರಾದ್ರೂ ಹೀಗೆ ಬರೆದಿದ್ದರೆ?"

"ಕತ್ತರಿ ತಗೊಂಡು ಅವರ ಮನೆಗೇ ಹೋಗ್ತಿದ್ದೆ."

"ಮತ್ತೆ?"

"ಹಂಗಾದ್ರೆ ಹಾಕಬೇಡ ಹೋಗು" ಅಂದರು.

ಮಾರ್ಚ್ 8, ಶುಕ್ರವಾರ

ಹಾಕಲಿಲ್ಲ. ನಾಳೆಯೂ ಹಾಕುವುದಿಲ್ಲ.

ಮಾರ್ಚ್ 11, ಸೋಮವಾರ

ಇವತ್ತು ಫ್ರೀಜರಿಗೆ ಬೀಗ. ನಾನು ಸಹಿ ಮಾಡುವವರೆಗೆ ಆ ಮಾದರಿಗಳನ್ನು ಯಾರೂ ಮುಟ್ಟಬಾರದಂತೆ. ಇನ್ನೊಂದು ಸಲ ಪರೀಕ್ಷೆ ಮಾಡಿ ತೋರಿಸುತ್ತೇನೆ ಅಂದದ್ದಕ್ಕೆ ಇದು ಉತ್ತರ. ಅಷ್ಟೇ ಅಲ್ಲ, ನಮ್ಮ ಜೊತೆ ಕೆಲಸ ಮಾಡುವ ಇನ್ನೆರಡು ಲ್ಯಾಬಿಗೆ ಆಗಲೇ ವರದಿ ಕಳಿಸಿಬಿಟ್ಟಿದ್ದಾನೆ. 'ವಿಶೇಷವೇನಿಲ್ಲ, ಕಲಬೆರಕೆ' ಎಂದು. ನಾನು ತೆಗೆದ ಪೊರೆಯ ಚಿತ್ರವನ್ನೇ ಅಂಟಿಸಿ! ನನ್ನ ತಲೆ ಮೇಲೆ ಗೂಬೆ ಕೂರಿಸಿ ಅದನ್ನು ಊರೂರಿಗೆ ಮೆರವಣಿಗೆ ಮಾಡಿಸುತ್ತಿದ್ದಾನೆ.

ಚಿತ್ರದ ಒಂದು ಪ್ರತಿ ತಂದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೇನೆ. ಬರುತ್ತಾ ಹೋಗುತ್ತಾ ನೋಡುತ್ತೇನೆ. ನೋಡಿದಷ್ಟು ಸಲವೂ ನಾನೇ ಸರಿ.

ಲ್ಯಾಬಿನಲ್ಲಿ ಯಾರೂ ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ. ಗಣಕ ವಿಭಾಗದ ಮೌನಿ ಮಾತ್ರ ಎದುರಿಗೆ ಬಂದು ಡಬ್ಬಿ ಬಿಚ್ಚಿದ. ವೈರಸ್ಸಿನ ಜೀನುಗಳನ್ನು ಓದಿ ಜೋಡಿಸುವುದು ಅವನ ಕೆಲಸ. ನಲವತ್ತೈದು ವಯಸ್ಸಿನ ಗಂಡಸು, ದಿನಕ್ಕೆ ಎರಡು ಮಾತಾಡಿದರೆ ಹೆಚ್ಚು. ಇವತ್ತಿನ ಎರಡು ಮಾತು: "ಉಪ್ಪು ಇದೆಯಾ?"

ಮಾರ್ಚ್ 13, ಬುಧವಾರ

ರಕ್ತದ ಮಾದರಿ ತರಲು ವಾರ್ಡಿಗೆ ಹೋಗಿದ್ದೆ. ಏಳನೇ ಮಂಚದಲ್ಲಿ ಬಸ್ ಕಂಡಕ್ಟರ್ ಒಬ್ಬಳು. ಹೋದ ವರ್ಷವೂ ಇದೇ ಜ್ವರಕ್ಕೆ ಮಲಗಿದ್ದಳಂತೆ, ಈಗ ಮತ್ತೆ. ಮುಖವೆಲ್ಲ ಗುಳ್ಳೆ. ನರ್ಸಮ್ಮ ಹೇಳಿದರು, "ಒಂದು ಸಲ ಬಂದರೆ ಮತ್ತೆ ಬರಲ್ಲ ಅಂತ ನಾವೇ ಎಲ್ಲರಿಗೂ ಹೇಳ್ತಿದ್ವಿ. ಈಗ ಯಾವ ಮುಖ ಇಟ್ಕೊಂಡು ಹೇಳೋದು?"

ಅವಳು ನನ್ನನ್ನು ಕೇಳಿದಳು, "ನನ್ನ ರಕ್ತಕ್ಕೆ ಅದು ಗೊತ್ತೇ ಆಗ್ತಿಲ್ವಾ ಅಕ್ಕಾ?" ನಾನೇನು ಡಾಕ್ಟರೇ? ಗೊತ್ತಿಲ್ಲಮ್ಮ ಅಂದೆ. ಆದರೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಮಾತೇ ತಲೆಯಲ್ಲಿ. ವೈರಸ್ ಚೀಟಿ ಅಂಟಿಸಿಕೊಂಡಿದ್ದರೆ ಅವಳ ರಕ್ತ ಅದನ್ನು ಮುಟ್ಟದೆ ಬಿಡುತ್ತದೆ, ನಮ್ಮವನೇ ಅಂದುಕೊಂಡು. ಯಾಕೆ ಯಾರೂ ಇದನ್ನು ಯೋಚಿಸುತ್ತಿಲ್ಲ? ನನ್ನ ಮೇಲಿನ ಕೋಪ ಅವಳ ಮೇಲೇಕೆ?

ಮಾರ್ಚ್ 16, ಶನಿವಾರ

ಇವತ್ತು ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಅತ್ತೆ ಪಕ್ಕದ ಬೀದಿಯ ಮೇಷ್ಟ್ರಿಗೆ ಕೋಟು ಹೊಲಿಯುತ್ತಿದ್ದರು. ನಲವತ್ತು ವರ್ಷ ಕತ್ತರಿ ಹಿಡಿದ ಕೈ. ಎರಡು ತೋಳನ್ನೂ ಎಡಗೈಗೇ ಕತ್ತರಿಸಿದ್ದಾರೆ! ಬಟ್ಟೆ ಮಡಚದೆ ಒಂದೊಂದಾಗಿ ಕತ್ತರಿಸುವಾಗ ಎರಡನೆಯದನ್ನು ಮಗುಚಿ ಹಾಕಬೇಕು, ಮರೆತಿದ್ದಾರೆ.

"ಮೇಷ್ಟ್ರಿಗೆ ಎರಡು ಎಡಗೈ ಹುಟ್ಟಲಿ ಅಂತ ಹರಕೆ ಹೊರೋಣ ಅತ್ತೆ" ಅಂದೆ.

"ಹಲ್ಲು ಕಿಸಿಬೇಡ. ಎಡವಟ್ಟು ಮಾಡಿದ್ದು ನಾನು, ಹೊಸ ಬಟ್ಟೆ ತಂದು ಸರಿ ಮಾಡೋಳೂ ನಾನೇ. ನಿನ್ನ ಥರ ಗೋಡೆಗೆ ಅಂಟಿಸಿಕೊಂಡು ಪೂಜೆ ಮಾಡಲ್ಲ."

ಮುಖಕ್ಕೆ ಹೊಡೆದ ಹಾಗಾಯಿತು. ಊಟ ಮುಗಿಸಿ ಎದ್ದೆ. ಪಾತ್ರೆ ಒರೆಸುತ್ತಾ ಬಾಗಿಲ ಮೇಲಿನ ಚಿತ್ರ ನೋಡಿದೆ. ಬಲ ತುದಿಯಲ್ಲಿ ಮೇಲಿಂದ ಕೆಳಗೆ ಒಂದು ಮಸುಕು ಕಲೆ ಇದೆ, ಏನೋ ಸೋರಿದ ಹಾಗೆ. ಮೊದಲಿಂದಲೂ ಅಲ್ಲೇ ಇದೆ, ಇವತ್ತು ಯಾಕೋ ಕಣ್ಣಿಗೆ ಚುಚ್ಚುತ್ತಿದೆ.

ಮಾರ್ಚ್ 18, ಸೋಮವಾರ

ಲಾಗ್ ಪುಸ್ತಕ ನೋಡಿದೆ. ನನ್ನದೇ ಅಕ್ಷರ: "ಜೆಲ್‌ನ ಎಡ ತುದಿಯ ಗುಳಿ ಹರಿದಿದೆ, ಸೋರುತ್ತಿದೆ."

ಎಡ ತುದಿ. ಚಿತ್ರದಲ್ಲಿ ಕಲೆ ಬಲಕ್ಕಿದೆ.

ಮಾರ್ಚ್ 19, ಮಂಗಳವಾರ

ರಜೆ ಹಾಕಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಸುಳ್ಳು ಹೊಟ್ಟೆನೋವು.

ನಾನು ತಪ್ಪು ಮೂಲೆ ಕತ್ತರಿಸಿದ್ದೇನೆ. ಪೊರೆಯನ್ನು ಎತ್ತುವಾಗ ಮಗುಚಿಕೊಂಡಿದೆ, ಮಗುಚಿದ್ದನ್ನು ನೋಡದೆ ಕತ್ತರಿ ಆಡಿಸಿದ್ದೇನೆ. ಆಗ ಎಡದ್ದು ಬಲವಾಯಿತು, ಬಲದ್ದು ಎಡವಾಯಿತು. ವೈರಸ್ಸಿನ ಸಾಲು ಅಂತ ನಾನು ಎದೆ ತಟ್ಟಿಕೊಂಡು ತೋರಿಸಿದ್ದು ಮನುಷ್ಯರ ಸಾಲು. ಅದರಲ್ಲಿ ಮನುಷ್ಯರ ಚೀಟಿ ಮನುಷ್ಯರ ಅಳತೆಯಲ್ಲೇ ಇದೆ, ಇರಲೇಬೇಕು. ನಕ್ಕಿದ್ದರಲ್ಲಿ ಇಸ್ತ್ರಿಯದ್ದು ತಪ್ಪಿಲ್ಲ.

ಬೆಳಿಗ್ಗೆಯೆಲ್ಲ ಸುಮ್ಮನೆ ಮಲಗಿದ್ದೆ. ಲಾಗ್ ಪುಸ್ತಕದ ಆ ಒಂದು ಸಾಲು ನನ್ನನ್ನು ಬಿಟ್ಟರೆ ಯಾರೂ ನೋಡಿಲ್ಲ, ಮುಂದೆಯೂ ಯಾರೂ ನೋಡುವುದಿಲ್ಲ. ಹಳೆಯ ಹಠವನ್ನೇ ಹಿಡಿದು ಕೂತರೆ ಕೆಲಸ ಹೋಗುತ್ತದೆ, ಮಾನ ಉಳಿಯುತ್ತದೆ. ಹೇಳಿದರೆ ಎರಡೂ ಹೋಗುತ್ತವೆ. ಹೀಗೆಲ್ಲ ಲೆಕ್ಕ ಹಾಕಿದೆ, ಬರೆಯಲೇಬೇಕು, ಬೇರೆಲ್ಲೂ ಹೇಳಿಕೊಳ್ಳಲಾರೆ.

ಮಧ್ಯಾಹ್ನ ಎದ್ದು ಚಿತ್ರವನ್ನು ಬಾಗಿಲಿಂದ ಕಿತ್ತು, ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದೆ. ಈಗ ನಿಜವಾದ ಬಲಕ್ಕೆ ಮನುಷ್ಯರು, ನಿಜವಾದ ಎಡಕ್ಕೆ ವೈರಸ್. ವೈರಸ್ಸಿನ ಸಾಲಿನಲ್ಲಿ ಮನುಷ್ಯರ ಅಳತೆಯ ಗೆರೆ ಇಲ್ಲವೇ ಇಲ್ಲ. ತೊಳೆದದ್ದು ಶುದ್ಧವಾಗಿದೆ! ಆದರೆ ಕೆಳಗೆ, ಎಲ್ಲರೂ ಹಳೆಯ ರಸ ತುಂಡಾಗಿದೆ ಎಂದು ಕೈ ತೊಳೆದುಕೊಂಡೆವಲ್ಲ, ಆ ಕುಳ್ಳ ಗೆರೆ ವೈರಸ್ಸಿನದ್ದು. ಚೀಟಿಯಂಥದ್ದೇ, ಆದರೆ ಚೀಟಿಗಿಂತ ಗಿಡ್ಡದ್ದು. ಬೇಕಾದಷ್ಟನ್ನೇ ಕದ್ದು ಉಳಿದದ್ದನ್ನು ಬಿಟ್ಟ ನಕಲು.

ಅಯ್ಯೋ ಮಂಕೇ. ಹದಿನೈದು ದಿನ ಕಣ್ಣೆದುರಿಗೇ ಇತ್ತಲ್ಲ. ನಾನು ಸರಿ, ನಾನು ಸರಿ ಎಂದು ಕೂಗುತ್ತಾ ಅದನ್ನು ಮುಚ್ಚಿಟ್ಟವಳೂ ನಾನೇ.

ಅತ್ತೆ ಬಂದು ಹಣೆ ಮುಟ್ಟಿ ನೋಡಿದರು. "ಹೊಟ್ಟೆನೋವು ಹೋಯ್ತಾ?"

"ಹೋಯ್ತು ಅತ್ತೆ. ನಾನೂ ಎರಡು ಎಡ ತೋಳು ಕತ್ತರಿಸಿದೀನಿ."

ಅವರು ನಗಲಿಲ್ಲ. ಚಹಾ ಮಾಡಿಕೊಟ್ಟರು.

ಮಾರ್ಚ್ 20, ಬುಧವಾರ

ಬೆಳಿಗ್ಗೆ ಒಂಬತ್ತಕ್ಕೇ ಇಸ್ತ್ರಿಯ ಕೋಣೆಗೆ ನುಗ್ಗಿದೆ.

"ಸರ್, ಚಿತ್ರ ಮಗುಚಿದೆ. ತಪ್ಪು ಮೂಲೆ ಕತ್ತರಿಸಿದ್ದು ನಾನು."

ಕುರ್ಚಿಗೆ ಒರಗಿದರು. "ಕೊನೆಗೂ ಒಪ್ಪಿಕೊಂಡ್ರಿ." ಮೇಜಿನ ಖಾನೆಯಿಂದ ಅದೇ ಕಾಗದ, ಅದೇ ಪೆನ್ನು.

"ಒಪ್ಪಿಕೊಂಡೆ. ಆದ್ರೆ ನೀವು ಬರೆದ ತಪ್ಪನ್ನಲ್ಲ, ನಾನು ಮಾಡಿದ ತಪ್ಪನ್ನ. ಇದಕ್ಕೆ ಸಹಿ ಹಾಕಲ್ಲ."

ಲಾಗ್ ಪುಸ್ತಕ, ಚಿತ್ರ, ಸೋರಿದ ಕಲೆ, ಎಲ್ಲ ತೋರಿಸಿದೆ. ಬಹಳ ಹೊತ್ತು ನೋಡಿದರು. ದಡ್ಡರಲ್ಲ, ಅರ್ಥವಾಯಿತು. ಆದರೂ ಹಿಡಿದ ಪಟ್ಟು ಬಿಡಬೇಕಲ್ಲ!

"ಸರಿ, ಸಾಲು ಅದಲುಬದಲಾಗಿದೆ. ಈಗ ವೈರಸ್ಸಿನ ಸಾಲಲ್ಲಿರೋ ಆ ಗಿಡ್ಡ ಗೆರೆ ತುಂಡಾದ ಮನುಷ್ಯ ಪ್ರೋಟೀನೇ ಯಾಕಾಗಿರಬಾರದು? ವೈರಸ್ಸಿನದ್ದೇ ಅಂದರೆ ಅದರ ಜೀನುಗಳಲ್ಲಿ ಇರಬೇಕು. ಗಣಕ ವಿಭಾಗದ ಪಟ್ಟಿಯಲ್ಲಿ ಇಲ್ಲ. ಇದ್ದರೆ ತೋರಿಸಿ, ಮೂವತ್ತೊಂದರವರೆಗೆ ಟೈಮಿದೆ."

ಹೊರಗೆ ಬಂದು ಲಾಗ್ ಪುಸ್ತಕದಲ್ಲಿ ಮಾರ್ಚ್ ನಾಲ್ಕರ ಪಕ್ಕ ಕೆಂಪು ಶಾಯಿಯಲ್ಲಿ ಬರೆದೆ: ಮೂಲೆ ತಪ್ಪಾಗಿ ಕತ್ತರಿಸಲಾಗಿದೆ. ಆಮೇಲೆ 'ಕತ್ತರಿಸಲಾಗಿದೆ' ಹೊಡೆದು ಹಾಕಿ 'ಕತ್ತರಿಸಿದ್ದೇನೆ' ಎಂದು ಬರೆದೆ. ಹಸಿವಾಗಿತ್ತು, ತಿಂಡಿಗೆ ಹೋದೆ.

ಮಾರ್ಚ್ 22, ಶುಕ್ರವಾರ

ಮೌನಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಪಟ್ಟಿ ಹೇಗೆ ತಯಾರಾಗುತ್ತದೆ, ಮೊದಲಿಂದ ಹೇಳು ಅಂದೆ.

"ತುಣುಕು ಬರುತ್ತೆ. ಕೋಟಿಗಟ್ಟಲೆ. ಮೊದಲು ಮನುಷ್ಯರದ್ದು ತೆಗೀತೀನಿ."

"ಯಾಕೆ?"

"ಮನುಷ್ಯ ಕೋಶದಲ್ಲಿ ಬೆಳೆಸಿದ್ದಲ್ವಾ. ಅದು ಕಸ."

"ಯಾವುದು ಮನುಷ್ಯರದ್ದು ಅಂತ ಹೇಗೆ ಗೊತ್ತಾಗುತ್ತೆ?"

"ಹೋಲುತ್ತಲ್ಲ ಅಕ್ಕ. ಪೂರ್ತಿ ಅಲ್ಲದಿದ್ರೂ ಸುಮಾರಾಗಿ ಹೋಲಿದ್ರೆ ಸಾಕು..."

ಅಲ್ಲಿಗೆ ನಿಂತ. ಕೀಬೋರ್ಡಿನ ಮೇಲಿಂದ ಕೈ ತೆಗೆದ.

"ಹೋಲುತ್ತೆ ಅಂತ ಬಿಸಾಕ್ತಿದೀನಿ. ಎಂಟು ವರ್ಷದಿಂದ" ಅಂದ.

ಮನುಷ್ಯರದ್ದನ್ನು ಸೋಸಿ ಬಿಸಾಡುವ ಆ ಜರಡಿಯನ್ನು ಅಷ್ಟು ಸಡಿಲವಾಗಿ ಹಾಕಿದ್ದು ಇಸ್ತ್ರಿಯಂತೆ, ಎಂಟು ವರ್ಷದ ಹಿಂದೆ. ಆಮೇಲೆ ಯಾರೂ ಮುಟ್ಟಿಲ್ಲ. ಜೊತೆಯ ಎರಡು ಲ್ಯಾಬುಗಳೂ ಅದನ್ನೇ ನಕಲು ಮಾಡಿಕೊಂಡಿವೆ. ಆ ಕಂಡಕ್ಟರಮ್ಮನ ರಕ್ತಕ್ಕೆ ವೈರಸ್ ಏನು ಮಾಡಿತೋ ನಮಗೂ ಅದನ್ನೇ ಮಾಡಿದೆ. ನಮ್ಮದರ ಹಾಗಿದೆ ಅಂದ ಕೂಡಲೇ ನಾವು ನೋಡುವುದನ್ನು ನಿಲ್ಲಿಸಿಬಿಟ್ಟೆವು.

ಜರಡಿ ತೆಗೆದು ಮತ್ತೆ ಓಡಿಸುತ್ತಾನಂತೆ. ಎರಡು ದಿನ ಬೇಕು.

ಮಾರ್ಚ್ 25, ಸೋಮವಾರ

ಸಿಕ್ಕಿತು! ಸಿಕ್ಕಿತು! ವೈರಸ್ಸಿನದೇ ಎರಡು ಜೀನುಗಳ ನಡುವೆ, ಒಂದೇ ಎಳೆಯಲ್ಲಿ, ಆರಾಮಾಗಿ ಕಾಲು ಚಾಚಿ ಮಲಗಿದೆ. ಬೆರೆತದ್ದಾಗಿದ್ದರೆ ಬಿಡಿಯಾಗಿರುತ್ತಿತ್ತು, ಇದು ಬೆಸೆದುಕೊಂಡಿದೆ. ಮನುಷ್ಯರ ಚೀಟಿಯ ಅರ್ಧದಷ್ಟು ಉದ್ದ. ಮೌನಿ ಎದ್ದು ನಿಂತು "ಅಕ್ಕಾ" ಎಂದು ಕೂಗಿದ ಕೂಗಿಗೆ ಕಾರಿಡಾರಿನವರೆಲ್ಲ ಯಾರಿಗೋ ಕರೆಂಟು ಹೊಡೆಯಿತು ಅಂದುಕೊಂಡರಂತೆ.

ಫ್ರೀಜರಿನ ಬೀಗ ತೆಗೆಸಿ ಪರೀಕ್ಷೆ ಮತ್ತೆ ಮಾಡಿದೆ. ಮೂಲೆ ಕತ್ತರಿಸುವ ಮೊದಲು ಮೌನಿಯನ್ನು ಕರೆದು, "ಇದು ಎಡ ತಾನೇ?" ಎಂದು ಕೇಳಿದೆ. ಅವನೂ ಬಗ್ಗಿ ನೋಡಿ ಹೌದೆಂದ ಮೇಲೆ ಕತ್ತರಿಸಿದೆ. ಗಿಡ್ಡ ಗೆರೆ ಅದರ ಜಾಗದಲ್ಲೇ ಬಂತು.

ಮಾರ್ಚ್ 27, ಬುಧವಾರ

ಮುಖ್ಯಸ್ಥರು ಕರೆದು ಕೂರಿಸಿ ತಾವೇ ಚಹಾ ತರಿಸಿದರು. ಹೊಸ ಕಾಗದ. ಗುತ್ತಿಗೆ ಮೂರು ವರ್ಷ ಮುಂದಕ್ಕೆ. ಇದರ ಬಗ್ಗೆ ಬರೆಯುವ ಲೇಖನದಲ್ಲಿ ನನ್ನ ಹೆಸರು ಸಹ ಲೇಖಕಿಯಾಗಿ. ಟೆಕ್ನೀಷಿಯನ್‌ಗೆ ಯಾರು ಕೊಡುತ್ತಾರೆ ಇದನ್ನೆಲ್ಲ!

"ಒಂದೇ ಒಂದು ವಿಷಯ ಮೇಡಂ. ನಿಮ್ಮ ಮೂಲೆ ಕಥೆ ಬೇಡ. ನನ್ನ ಜರಡಿ ಕಥೆಯೂ ಬೇಡ. ಹೊಸ ಚಿತ್ರ ಚೆನ್ನಾಗಿದೆ, ಅದನ್ನ ಹಾಕೋಣ. ಇಬ್ಬರ ಮಾನವೂ ಉಳಿಯುತ್ತೆ."

"ಹಳೇ ವರದಿ ಎರಡು ಲ್ಯಾಬಿಗೆ ಹೋಗಿದೆಯಲ್ಲ ಸರ್?"

"ಹೊಸದು ಬಂದ ಮೇಲೆ ಹಳೇದನ್ನ ಯಾರು ನೋಡ್ತಾರೆ?"

"ಅವರ ಹತ್ರ ಅದೇ ಜರಡಿ ಇದೆ. ಇನ್ನೂ ಏನೇನು ಬಿಸಾಕ್ತಿದಾರೋ. ನಾವು ಎಲ್ಲಿ ಮೋಸ ಹೋದ್ವಿ ಅಂತ ಹೇಳದಿದ್ರೆ ಅವರಿಗೆ ಹೇಗೆ ಗೊತ್ತಾಗಬೇಕು?"

"ನಿಮಗೆ ಹುಚ್ಚಾ? ನಿಮ್ಮ ತಪ್ಪನ್ನ ಮುಚ್ಚೋಣ ಅಂತಿದೀನಿ ನಾನು."

"ಮುಚ್ಚಬೇಡಿ ಸರ್. ಅದು ನಂದು."

ಚಹಾ ಮುಟ್ಟದೆ ಎದ್ದು ಬಂದೆ. ಬಾಗಿಲ ಹೊರಗೆ ಮೌನಿ ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. ಒಳಗೆ ತಲೆ ಹಾಕಿ, "ಸರ್, ಅದು ಬರೆಯದಿದ್ರೆ ನನ್ನ ಹೆಸರೂ ಬೇಡ" ಅಂದು ತನ್ನ ಜಾಗಕ್ಕೆ ಹೋಗಿ ಕೂತ. ಇಡೀ ವಾರದ ಮಾತು ಖರ್ಚಾಯಿತು ಪಾಪ.

ಅತ್ತೆಗೆ ಹೇಳಿದೆ. ಮೂರು ವರ್ಷದ ಗುತ್ತಿಗೆ ಬಿಟ್ಟು ಬಂದೆ ಅಂದಾಗ ಸೂಜಿಗೆ ದಾರ ಪೋಣಿಸುತ್ತಿದ್ದವರು ನಿಲ್ಲಿಸಿದರು.

"ಊಟಕ್ಕೇನು ಮಾಡೋದು?"

"ಗೊತ್ತಿಲ್ಲ."

"ಕಾಜಾ ಹೊಲಿಯೋಕೆ ಬರುತ್ತಾ ನಿನಗೆ?"

"ಬರಲ್ಲ."

"ಕಲಿ ಹಂಗಾದ್ರೆ" ಎಂದು ಗುಂಡಿ ತೂತುಗಳಿಗೆ ಅಂಚು ಹೊಲಿಯಬೇಕಿದ್ದ ಒಂದು ಅಂಗಿ ನನ್ನ ಮಡಿಲಿಗೆ ಎಸೆದರು.

ಮಾರ್ಚ್ 28, ಗುರುವಾರ

ಏಳು ಕಾಜಾ ಹೊಲಿದೆ. ಆರನ್ನು ಅತ್ತೆ ಬಿಚ್ಚಿಸಿದರು.

ಮಾರ್ಚ್ 30, ಶನಿವಾರ

ಸಂಜೆ ಮುಖ್ಯಸ್ಥರು ನನ್ನ ಮೇಜಿನ ಹತ್ತಿರ ಬಂದರು. ನಾನು ನನ್ನ ಕತ್ತರಿ, ಚಪ್ಪಲಿ, ಚಹಾ ಲೋಟ ಚೀಲಕ್ಕೆ ತುಂಬುತ್ತಿದ್ದೆ. ಕೂರದೆ ನಿಂತುಕೊಂಡೇ ನಾಲ್ಕು ಪುಟ ಮುಂದಿಟ್ಟರು. ಎರಡು ಲ್ಯಾಬಿಗೆ ಕಳಿಸುವ ತಿದ್ದುಪಡಿ. ಎರಡನೇ ಪುಟದಲ್ಲಿ ಮಗುಚಿದ ಚಿತ್ರ, ಅದರ ಪಕ್ಕದಲ್ಲೇ ಸರಿಯಾದದ್ದು. ಮೂರನೇ ಪುಟದಲ್ಲಿ ಜರಡಿ, ಎಂಟು ವರ್ಷ, ಅವರ ಹೆಸರು.

"ಗುತ್ತಿಗೆ ವಿಷಯ ಈಗ ನನ್ನ ಕೈಲಿಲ್ಲ. ಇದು ಹೋದ ಮೇಲೆ ಮೇಲಿನವರು ನನ್ನನ್ನೇ ಇಟ್ಕೋತಾರೋ ಇಲ್ವೋ" ಅಂದರು. ದನಿ ಬೇರೆಯಾಗಿತ್ತು. "ನಿಮ್ಮ ಹೆಸರು ತಪ್ಪಿನ ಪಕ್ಕದಲ್ಲಿ ಇರುತ್ತೆ. ಎಲ್ಲರೂ ಓದ್ತಾರೆ."

"ಓದಲಿ ಸರ್. ಓದಲಿ ಅಂತ ತಾನೇ ಬರೆದಿರೋದು."

ಕೊನೆಯ ಪುಟದಲ್ಲಿ ಸಹಿಗೆ ಎರಡು ಗೆರೆಗಳಿದ್ದವು. ತಪ್ಪು ಮಾಡಿದವರು. ತಪ್ಪು ಪತ್ತೆ ಹಚ್ಚಿದವರು. ಎರಡರ ಕೆಳಗೂ ನನ್ನದೇ ಹೆಸರು ಟೈಪಾಗಿತ್ತು. ಮೌನಿಯ ಪೆನ್ನು ಇಸಿದುಕೊಂಡೆ. ಮೊದಲನೆಯದಕ್ಕೆ ಒಂದೇ ಬೀಸಿಗೆ ಸಹಿ ಹಾಕಿದೆ. ಎರಡನೆಯದಕ್ಕೆ ಹಾಕುವ ಮೊದಲು ಮೌನಿಯನ್ನು, "ಇದೂ ನನ್ನ ಹೆಸರೇ ತಾನೇ?" ಎಂದು ಕೇಳಿದೆ, ಅವನು ಬಗ್ಗಿ ನೋಡಿ ಹೌದೆಂದ ಮೇಲೆ ಹಾಕಿದೆ.